ಒಂದೇ ಪಕ್ಕ ಬಿಚ್ಚಿದ ಹೊಲಿಗೆ

ಹೊಟ್ಟೆಕಿಚ್ಚಿಗೆ ಹೊತ್ತು ಗೊತ್ತು ಅಂತ ಇರುವುದಿಲ್ಲ. ಆ ಭಾನುವಾರ ಅದು ಸೂಜಿಯಕ್ಕನನ್ನು ಹಿಡಿದದ್ದು ಚರ್ಚಿನ ಬೆಂಚಿನ ಮೇಲೆ, ಇನ್ನೇನು ಆಶೀರ್ವಾದಕ್ಕೆ ತಲೆ ತಗ್ಗಿಸಬೇಕು ಅನ್ನುವಾಗ.

ಪಾಸ್ಟರಮ್ಮ ಎದ್ದು ನಿಂತರು. "ಮುಂದಿನ ತಿಂಗಳು ಸ್ತ್ರೀಯರ ಭಾನುವಾರ. ಈ ಸಲ ಸಂದೇಶ ಕೊಡೋದು ನಮ್ಮ ನರ್ಸಮ್ಮ. ಎದೆಯಲ್ಲಿ ಗಂಟು ಕಂಡ್ರೆ ಏನು ಮಾಡ್ಬೇಕು ಅಂತ ಹೇಳ್ಕೊಡ್ತಾರೆ."

ಸೂಜಿಯಕ್ಕ ಎಂದರೆ ಚರ್ಚಿನ ಬೀದಿಯ ದರ್ಜಿ. ಸ್ತ್ರೀಯರ ಭಾನುವಾರದ ಸಂದೇಶ ವರ್ಷ ವರ್ಷವೂ ಅವಳದೇ. ದೇವರು ಮೆಚ್ಚುವ ಹೆಂಗಸು ಎಲ್ಲರ ಊಟ ಆದ ಮೇಲೆ ಉಣ್ಣುತ್ತಾಳೆ, ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ತನ್ನದೆಲ್ಲ ಕೊನೆಗೆ ಅನ್ನುತ್ತಾಳೆ ಎಂದು ಅವಳು ಹೇಳುತ್ತಿದ್ದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಜಾಗ ಈಗ ನರ್ಸಮ್ಮನ ಪಾಲಾಯಿತು. ನರ್ಸಮ್ಮ ಬೇರೆ ಯಾರೂ ಅಲ್ಲ, ಅವಳ ಸ್ವಂತ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದು ಮಹಡಿಯ ಕೋಣೆ ಸೇರಿದ್ದು ಮೊನ್ನೆ ಮೊನ್ನೆ.

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ" ಎಂದು ಸೂಜಿಯಕ್ಕ ಪಕ್ಕದವಳ ಕಿವಿಯಲ್ಲಿ ಅಂದಳು. ಪಕ್ಕದವಳು ನಗಲಿಲ್ಲ. ಆಗಲೇ ನರ್ಸಮ್ಮನ ಕಡೆ ತಿರುಗಿ ಕೈ ಬೀಸುತ್ತಿದ್ದಳು.

ಮನೆಗೆ ಬಂದರೆ ಅತ್ತೆಯದೂ ಅದೇ ಹಾಡು.

"ನೋಡಿದ್ಯಾ, ನಮ್ಮ ಚಿಕ್ಕೋಳು ಎಷ್ಟು ಬೇಗ ಎಲ್ಲರಿಗೂ ಬೇಕಾದ್ಳು!"

"ಆಗ್ದೆ ಏನು ಅತ್ತೆ? ದೇವರ ಮನೇಲಿ ನಿಂತು ಎದೆ, ಗಂಟು ಅಂತ ಮಾತಾಡೋಕೆ ನಮಗೆಲ್ಲಾ ಬಾಯಿ ಬರುತ್ತಾ? ನಮ್ಮನ್ನ ನಾಚಿಕೆ ಮಾನ ಹೇಳ್ಕೊಟ್ಟು ಬೆಳೆಸಿದ್ರು."

"ಅದೂ ನಿಜ ಬಿಡು. ಗಂಟಿಗೆ ಪ್ರಾರ್ಥನೆ ಇಲ್ವಾ? ನಂಬಿಕೆ ಇದ್ರೆ ತಾನೇ ಕರಗುತ್ತೆ." ಅತ್ತೆ ಕಾಲು ನೀಡಿ ಕೂತರು. "ಆದ್ರೂ ಅವಳ ಕೈ ಎಷ್ಟು ಮೃದು! ಬಿಪಿ ನೋಡಿದ್ದೇ ಗೊತ್ತಾಗಲ್ಲ."

ಇಷ್ಟು ವರ್ಷ ಆ ಕಾಲು ಒತ್ತಿದವಳು ಸೂಜಿಯಕ್ಕ. ಅವಳ ಕೈ ಮೃದುವೋ ಒರಟೋ ಎಂದು ಅತ್ತೆ ಒಂದು ದಿನವೂ ಹೇಳಿದವರಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಇಲ್ಲೊಂದು ಗುಟ್ಟಿದೆ. ಸೂಜಿಯಕ್ಕನ ಎಡ ಎದೆಯಲ್ಲೇ ಒಂದು ಗಂಟು ಇತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದಳು. ಬರಬರುತ್ತ ಅಂಗಿಯ ಎಡಪಕ್ಕ ಬಿಗಿಯಾಯಿತು. ಬೇರೆ ಹೆಂಗಸಾಗಿದ್ದರೆ ಗಾಬರಿಬಿದ್ದು ಯಾರನ್ನಾದರೂ ಕೇಳುತ್ತಿದ್ದಳು. ಇವಳು ದರ್ಜಿ. ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದೇ ಇವಳ ಕಸುಬು. ತನ್ನ ಅಂಗಿಗಳ ಎಡಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಬಿಟ್ಟು, ಮತ್ತೆ ಹೊಲಿದುಕೊಂಡಳು. ಅಂಗಿ ಸರಿಹೋಯಿತು. ಮೈ ಹಾಗೇ ಇತ್ತು.

ಮಹಡಿ ಹತ್ತಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ ಅವಳ ಮುಂದೆ ರೋಗಿಯಾಗಿ ಕೂರಬೇಕಲ್ಲ! ಅದಕ್ಕಿಂತ ಸಾಯುವುದೇ ಮೇಲು ಎಂದು ಸೂಜಿಯಕ್ಕ ನಿಜವಾಗಿಯೂ ಅಂದುಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವಳಿಗೆ ಆ ಗಿಡದ ನೆರಳೂ ಬೇಡವಾಗಿತ್ತು.

ಸ್ತ್ರೀಯರ ಭಾನುವಾರಕ್ಕೆ ಚರ್ಚಿನಲ್ಲಿ ಹಾಡುವ ಕ್ವಾಯರಿನ ಹೆಂಗಸರಿಗೆಲ್ಲ, ತನಗೂ ನರ್ಸಮ್ಮನಿಗೂ ಸೇರಿಸಿ, ಬಿಳಿ ನಿಲುವಂಗಿ ಹೊಲಿಯುವ ಕೆಲಸ ಅವಳಿಗೇ ಬಂತು. ಒಂದು ಸಂಜೆ ನರ್ಸಮ್ಮ ಡ್ಯೂಟಿ ಮುಗಿಸಿ ಹೊಲಿಗೆ ಕೋಣೆಗೆ ಬಂದಳು.

"ಅಕ್ಕಾ, ನನ್ನದು ಆಯ್ತಾ? ಹಾಕಿ ನೋಡ್ಲಾ?"

"ಗೋಡೇಲಿ ನೇತುಹಾಕಿದೀನಿ, ನೋಡ್ಕೋ." ಸೂಜಿಯಕ್ಕ ತಲೆ ಎತ್ತಲಿಲ್ಲ.

ನೇತುಹಾಕಿದ್ದೆಲ್ಲ ಒಂದೇ ಥರ. ನರ್ಸಮ್ಮ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

"ಅಕ್ಕಾ, ಇದು ಒಂದು ಪಕ್ಕ ಸಡಿಲ ಇದೆ."

"ನನ್ನ ಹೊಲಿಗೇಲಿ ತಪ್ಪು ಹುಡುಕ್ತೀಯಾ?" ಎಂದು ತಿರುಗಿದ ಸೂಜಿಯಕ್ಕನ ಮುಖ ಬಿಳಚಿಕೊಂಡಿತು. "ತೆಗಿ, ತೆಗಿ! ಅದು ನಂದು!"

ನರ್ಸಮ್ಮ ತೆಗೆದಳು. ಆದರೆ ವಾಪಸ್ ನೇತುಹಾಕಲಿಲ್ಲ. ಒಳಮೈ ಹೊರಗೆ ಮಾಡಿ ಎರಡೂ ಪಕ್ಕದ ಹೊಲಿಗೆ ನೋಡಿದಳು.

"ನಿಮ್ಮ ಕೈಲಿ ದಾರದಷ್ಟೂ ಹೆಚ್ಚುಕಮ್ಮಿ ಆಗಲ್ಲ. ಇದು ಬೇಕು ಅಂತಲೇ ಬಿಟ್ಟಿರೋದು. ಎಡಗಡೆ ಏನಾಗಿದೆ ಅಕ್ಕಾ?"

"ಏನಾದ್ರೆ ನಿನಗೇನು?" ಸೂಜಿಯಕ್ಕ ಸಿಡಿದಳು. "ಅತ್ತೆ ನಿನ್ನೋರಾದ್ರು. ಸಭೆ ನಿನ್ನದಾಯ್ತು. ಈಗ ನನ್ನ ಮೈನೂ ನಿನ್ನ ಕೈಗೇ ಒಪ್ಪಿಸ್ಬೇಕಾ?"

ನರ್ಸಮ್ಮ ಸ್ಟೂಲೆಳೆದು ಕೂತಳು. "ಗಂಟಾ?"

"ಪ್ರಾರ್ಥನೆ ಮಾಡ್ತಿದೀನಿ."

"ಮಾಡಿ. ನಾನೂ ಮಾಡ್ತೀನಿ. ಆದ್ರೆ ಮಷೀನಿನ ಸೂಜಿ ಮುರಿದ್ರೆ ಪ್ರಾರ್ಥನೆ ಮಾಡ್ಕೊಂಡು ಸುಮ್ನೆ ಕೂರ್ತೀರಾ? ಬೇರೆ ಸೂಜಿ ಹಾಕ್ತೀರಿ ತಾನೇ? ಡಾಕ್ಟರಿಗೆ ಬುದ್ಧಿ ಕೊಟ್ಟೋನೂ ದೇವರೇ ಅಲ್ವಾ?"

"ನೋವೇ ಇಲ್ಲ ಕಣೇ."

"ಅದೇ ಮೋಸ ಅಕ್ಕಾ. ಎಷ್ಟೋ ಸಲ ಮೊದಮೊದಲು ನೋಯೋದೇ ಇಲ್ಲ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಹೌದೋ ಅಲ್ವೋ ಅನ್ನೋದು ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು."

"ನಿನ್ನ ಆಸ್ಪತ್ರೆಗೆ ನಾನು ಬರಲ್ಲ."

"ಬೇಡ. ಬೇರೆ ಆಸ್ಪತ್ರೆಗೆ ಹೋಗಿ. ಭಾವನ್ನ ಕರ್ಕೊಂಡು ಹೋಗಿ. ಏನಾಯ್ತು ಅಂತ ನಾನು ಕೇಳೋದೂ ಇಲ್ಲ. ಬೇಕಿದ್ರೆ ಸ್ತ್ರೀಯರ ಭಾನುವಾರ ನೀವೇ ಮಾತಾಡಿ, ಪಾಸ್ಟರಮ್ಮಂಗೆ ನಾನೇ ಹೇಳ್ತೀನಿ. ಆದ್ರೆ ನಾಳೆನೇ ಹೋಗಿ."

"ನನಗೆ ಲಂಚ ಕೊಡ್ತಿದೀಯೇನೇ?"

"ಹೂಂ, ಕೊಡ್ತಿದೀನಿ. ತಗೊಳ್ಳಿ."

ಆ ಹುಡುಗಿಯಲ್ಲಿ ಒಂದಾದರೂ ಕೆಟ್ಟ ಗುಣ ಸಿಕ್ಕಲಿ ಎಂದು ಸೂಜಿಯಕ್ಕ ಇಷ್ಟು ದಿನ ಕಾದಿದ್ದಳು. ಸಿಕ್ಕದೇ ಹೋದದ್ದಕ್ಕೂ ಹೊಟ್ಟೆ ಉರಿಯಿತು. ಉರಿದುಕೊಂಡೇ ಮರುದಿನ ಗಂಡನ ಜೊತೆ ಆಸ್ಪತ್ರೆಗೆ ಹೋದಳು.

ಪರೀಕ್ಷೆಯ ರಿಪೋರ್ಟ್ ಬಂತು. ಕ್ಯಾನ್ಸರೇ. "ಬೇರೆ ಕಡೆ ಹರಡಿದ ಹಾಗೆ ಕಾಣ್ತಿಲ್ಲ. ಆಪರೇಷನ್ ಮಾಡೋಣ, ಆಮೇಲೆ ಔಷಧಿ ಬೇಕಾಗುತ್ತೆ" ಎಂದರು ಡಾಕ್ಟರು. "ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತಮ್ಮ."

ಮನೆಗೆ ಬಂದ ಸೂಜಿಯಕ್ಕ ತನ್ನ ಕೋಣೆಗೆ ಹೋಗಲಿಲ್ಲ. ಮಹಡಿ ಹತ್ತಿ ಬಾಗಿಲು ಬಡಿದಳು. ಬಾಗಿಲು ತೆಗೆದ ಓರಗಿತ್ತಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ಬೇರೆ ಯಾರೂ ಬೇಡ ಕಣೇ. ನೀನೇ ಜೊತೆಗಿರು."

ಸ್ತ್ರೀಯರ ಭಾನುವಾರ ಬಂತು. ಕೊಟ್ಟ ಮಾತಿನಂತೆ ಮೈಕಿನ ಮುಂದೆ ನಿಂತವಳು ಸೂಜಿಯಕ್ಕನೇ.

"ಹೆಂಗಸು ನೋವನ್ನ ಮುಚ್ಚಿಡ್ಬೇಕು ಅಂತ ಇಲ್ಲೇ ನಿಂತು ಹೇಳ್ತಿದ್ದೆ. ತಪ್ಪು ಹೇಳ್ತಿದ್ದೆ. ದೇವರ ಸೇವೆ ಮಾಡೋಕೆ ನಮಗಿರೋದು ಇದೊಂದೇ ಮೈ. ಇದನ್ನ ನೋಡ್ಕೊಳ್ಳೋದೂ ಸೇವೆನೇ. ನನ್ನ ಎದೆಯಲ್ಲಿ ಕ್ಯಾನ್ಸರ್ ಗಂಟಿದೆ. ಈ ವಾರ ಆಪರೇಷನ್." ಅವಳು ನರ್ಸಮ್ಮನ ಕಡೆ ಕೈ ತೋರಿದಳು. "ಗಂಟು ಇದೆಯೋ ಇಲ್ಲವೋ ಅಂತ ನೋಡ್ಕೊಳ್ಳೋದು ಹೇಗೆ ಅನ್ನೋದು ನನಗೆ ಬರಲ್ಲ. ಇವಳಿಗೆ ಬರುತ್ತೆ. ಬಾರೇ, ಹೇಳ್ಕೊಡು."

ನರ್ಸಮ್ಮ ಬಂದು ಎಲ್ಲ ಬಿಡಿಸಿ ಹೇಳಿದಳು. ಕನ್ನಡಿಯ ಮುಂದೆ ನಿಂತು ಏನು ನೋಡಬೇಕು, ಬೆರಳಿನಿಂದ ಹೇಗೆ ಮುಟ್ಟಿ ನೋಡಬೇಕು, ಕಂಕುಳನ್ನೂ ಯಾಕೆ ಬಿಡಬಾರದು ಎಂದು ತೋರಿಸಿಕೊಟ್ಟಳು. ಜೋರು ಚಪ್ಪಾಳೆ ಬಿತ್ತು. ಸೂಜಿಯಕ್ಕನ ಹಳೆಯ ಹೊಟ್ಟೆಕಿಚ್ಚು ಚುರುಕ್ ಎಂದಿತು. ಚುರುಕ್ ಎಂದರೂ ತಾನೂ ಚಪ್ಪಾಳೆ ತಟ್ಟಿದಳು.

ಬಾಗಿಲ ಹತ್ತಿರ ಅತ್ತೆ ಅವಳನ್ನು ಪಕ್ಕಕ್ಕೆ ಕರೆದರು. "ದೊಡ್ಡೋಳೇ, ಕರಗುತ್ತೆ ಅಂದಿದ್ದೆ ನಾನು. ನನ್ನ ಬಾಯಿಗಿಷ್ಟು ಮಣ್ಣು ಬೀಳ. ನಾನೂ ಒಂದ್ಸಲ ತೋರಿಸ್ಕೋಬೇಕು. ನೋಡೋದು ಯಾರು ಬೇಕಾದ್ರೂ ನೋಡ್ಲಿ. ಆದ್ರೆ ನೀನಿಲ್ದೆ ನಾನು ಒಳಗೆ ಹೋಗಲ್ಲ."

ಆಪರೇಷನ್ ಆಯಿತು. ಔಷಧಿ ನಡೆದಿದೆ. ಸೂಜಿಯಕ್ಕ ಮತ್ತೆ ಮಷೀನ್ ತುಳಿಯುತ್ತಿದ್ದಾಳೆ. ಓರಗಿತ್ತಿಯನ್ನು ಯಾರಾದರೂ ಹೊಗಳಿದರೆ ಈಗಲೂ ಮೂಗು ಮುರಿಯುತ್ತಾಳೆ.

ಓದುತ್ತಿರುವ ಅಕ್ಕ, ಅಮ್ಮ, ತಂಗಿ, ನಿಮಗೊಂದು ಮಾತು. ತಿಂಗಳಿಗೊಮ್ಮೆ ನಿಮ್ಮ ಎದೆಯನ್ನು ನೀವೇ ನೋಡಿಕೊಳ್ಳಿ. ಗಂಟು, ಊತ, ಗುಳಿ, ಮೊಲೆತೊಟ್ಟು ಸೋರುವುದು, ಆಕಾರ ಬದಲಾಗಿರುವುದು, ಇದರಲ್ಲಿ ಯಾವುದು ಕಂಡರೂ ನೋವಿಲ್ಲ ಎಂದು ಕೂರಬೇಡಿ. ಮೊಣಕಾಲೂರಿ ಪ್ರಾರ್ಥನೆ ಮಾಡಿ, ಎದ್ದು ಆಸ್ಪತ್ರೆಗೆ ಹೋಗಿ. ಹೊಟ್ಟೆಕಿಚ್ಚಿಗೆ ದೇವರ ಹತ್ತಿರ ನಾಳೆಯೂ ಕ್ಷಮೆ ಕೇಳಬಹುದು. ಗಂಟು ನಾಳೆಯವರೆಗೆ ಕಾಯುವುದಿಲ್ಲ.