ಓರಗಿತ್ತಿಗೆ ಹೇಳದ ಗುರುವಾರ

ಹೊಟ್ಟೆಕಿಚ್ಚು ಪಡಲು ಕವನಾ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದರ ಕಾರಣ ಅವಳ ಮನೆಯ ತೊಟ್ಟಿಲಲ್ಲೇ ಕಾಲಾಡಿಸುತ್ತ ಮಲಗಿತ್ತು. ಓರಗಿತ್ತಿ ಸಂಘಮಿತ್ರಾಳ ಮಗ ಸಿದ್ಧಾರ್ಥ. ಹತ್ತು ತಿಂಗಳ ಕೂಸು, ತೊಡೆಯಲ್ಲಿ ಮೂರು ಮಡಿಕೆ, ನಕ್ಕರೆ ಕೆನ್ನೆಯಲ್ಲಿ ಗುಳಿ. ಹರದನಹಳ್ಳಿ ಕಡೆಯ ಆ ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಅವನನ್ನು ಒಮ್ಮೆ ಎತ್ತಿ ಮುದ್ದಾಡಿ ಹೋಗುತ್ತಿದ್ದರು. ಕವನಾಳ ಮಗಳು ಪುಟ್ಟಿಗೆ ಒಂದು ವರ್ಷ ತುಂಬಿತ್ತು. ಸಣಕಲು ಮೈ, ಚುರುಕು ಕಣ್ಣು. ಅವಳನ್ನು ಎತ್ತಿಕೊಳ್ಳಲೆಂದು ಯಾರೂ ಒಳಗೆ ಬರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಕವನಾ ನುಂಗಿಕೊಳ್ಳುತ್ತಿದ್ದಳೇನೋ. ಸಂಘಮಿತ್ರಾಳ ಗಂಡ ಕೀರ್ತಿರಾಜ್‌ಗೆ ಹಾಸನದಲ್ಲಿ ಸಂಬಳದ ಕೆಲಸ. ಕವನಾಳ ಗಂಡ ಗೌತಮ್‌ಗೆ ರಾಮನಾಥಪುರದ ಹೊಗೆಸೊಪ್ಪಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೂಲಿ. ಸಾಲದ್ದಕ್ಕೆ ಅತ್ತೆ ಮುದ್ದಮ್ಮನ ನಾಲಿಗೆಗೆ ಮೂಳೆ ಇರಲಿಲ್ಲ.

“ನೋಡಮ್ಮಿ, ಒಂದ್ ಸೂಜಿ ಚುಚ್ಚುಸ್ಲಿಲ್ಲ, ಮಗ ಎಂಗೆ ಗುಂಡ್‌ಗುಂಡ್‌ಗವ್ನೆ! ನೀನು ಓತ್ಕಂಡೋಗಿ ಓತ್ಕಂಡೋಗಿ ಚುಚ್ಚುಸ್ಕಂಡ್ ಬಂದೆ. ಮಗಿನ್ ಮೈಗೇನಾರ ಅತ್ತುತಾ?”

ಕವನಾ ಪುಟ್ಟಿಯನ್ನು ಲಸಿಕೆಯ ಒಂದು ಗುರುವಾರವೂ ತಪ್ಪಿಸದೆ ಅಂಗನವಾಡಿಗೆ ಕರೆದೊಯ್ದಿದ್ದಳು. ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ತೊಡೆಗೆ ಚುಚ್ಚುಮದ್ದು, ಬಾಯಿಗೆ ಹನಿ. ಜ್ವರ ಬಂದಾಗ ಕೆಲಸ ಬಿಟ್ಟು ಕೂತಿದ್ದಳು. ಅದಕ್ಕೆಲ್ಲ ಸಿಕ್ಕ ಬಹುಮಾನ ಈ ಮಾತು.

ಅದೇ ಮಧ್ಯಾಹ್ನ ಆಶಾ ಕಾರ್ಯಕರ್ತೆ ಕಮಲಾಕ್ಷಮ್ಮ ಬಂದರು. ಸಂಘಮಿತ್ರಾ ಹಾಸನಕ್ಕೆ ಹೋಗಿದ್ದಳು.

“ಕವನಾ, ನಿನ್ನ ಓರಗಿತ್ತಿ ಮಗಿನ್ ಎಸ್ರು ನನ್ನ ಪಟ್ಟೀಲೇ ಇಲ್ಲ ಕಣವ್ವ. ಬಾಣಂತನ ಚನ್ನರಾಯಪಟ್ಟಣದ ಕಡೆ, ತವರಲ್ಲಿ ಆಯ್ತಲ್ಲ, ಕಾರ್ಡೂ ಅಲ್ಲೇ ಮಾಡ್ಸಿದ್ದು. ಅಲ್ಲಿಯೋರು ಗಂಡನ ಮನೆಗೆ ಓದ್ಲು ಅಂತ ಬರ್ಕಂಡವ್ರೆ. ನಾನು ತವರಲ್ಲೇ ಅವ್ಳೆ ಅನ್ಕಂಡಿದ್ದೆ. ಗುರುವಾರ ಮಗೀನೂ ಕಾರ್ಡೂ ತರಕ್ ಯೋಳ್ತೀಯಾ? ಭೇದಿ ತಡಿಯೋ ರೋಟಾ ಹನಿ ಮೊದಲ್ನೇದು ವರ್ಸ ತುಂಬಕ್ ಮುಂಚೆ ಆಗ್ಬೇಕು.”

“ಊಂ, ಯೋಳ್ತೀನಿ,” ಅಂದಳು ಕವನಾ.

ಹೇಳಲಿಲ್ಲ. ಗುರುವಾರ ಬಂತು, ಹೋಯಿತು. ಕಮಲಾಕ್ಷಮ್ಮ ಬೀದಿಯಲ್ಲಿ ಸಿಕ್ಕಿ ಕೇಳಿದರೆ, “ತವರಿಗೆ ಓಗವ್ಳೆ ಕಣಕ್ಕ, ಬಂದ್ಮೇಲೆ ಕಳುಸ್ತೀನಿ,” ಎಂದು ಸುಳ್ಳು ಹೇಳಿದಳು. ಇನ್ನೊಂದು ಗುರುವಾರವೂ ಹೋಯಿತು. ‘ಏನೂ ಇಲ್ದೇನೇ ಗುಂಡಾಗವ್ನಲ್ಲ, ಇರ್ಲಿ ಅಂಗೇ’ ಎಂದುಕೊಂಡಾಗ ಅವಳಿಗೆ ಒಂಥರಾ ಖುಷಿಯಾಯಿತು. ಆ ಖುಷಿ ಒಳ್ಳೆಯದಲ್ಲವೆಂದು ಅವಳಿಗೂ ಗೊತ್ತಿತ್ತು. ಸಂಘಮಿತ್ರಾಳಿಗಂತೂ ಅನುಮಾನವೇ ಇರಲಿಲ್ಲ. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಮಗುವಿನ ಬಾಯಿಗೆ ಹನಿ ಹಾಕಿದ್ದರಲ್ಲ, ಹನಿ ಎಂದರೆ ಅದೇ, ಅಷ್ಟಾದರೆ ಸೂಜಿಯೂ ಬೇಕಿಲ್ಲ ಎಂದುಕೊಂಡಿದ್ದಳು.

ಮಾಗಿಯ ಚಳಿಯಲ್ಲಿ ಬೀದಿಯ ಮಕ್ಕಳಿಗೆಲ್ಲ ವಾಂತಿ, ಭೇದಿ ಶುರುವಾಯಿತು. ಮೊದಲು ಮಲಗಿದವಳು ಪುಟ್ಟಿಯೇ!

“ಇದೇನಕ್ಕ?” ಕವನಾ ಕಮಲಾಕ್ಷಮ್ಮನ ಮೇಲೆ ಹರಿಹಾಯ್ದಳು. “ಮೂರ್ ಸಲ ಹನಿ ಹಾಕುಸ್ದೋಳ್ ಮಗೀಗೆ ಭೇದಿ, ಒಂದ್ ಸಲಾನೂ ಹಾಕುಸ್ದಿರೋಳ್ ಮಗ ಆರಾಮು!”

ಕಮಲಾಕ್ಷಮ್ಮ ವಾದಕ್ಕೆ ನಿಲ್ಲಲಿಲ್ಲ. ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ ಕೊಟ್ಟು, ಜಿಂಕ್ ಮಾತ್ರೆ ಹದಿನಾಲ್ಕು ದಿನ ತಪ್ಪಿಸಬೇಡ, ಓರಗಿತ್ತಿ ತವರಿಂದ ಬಂದಿದ್ದರೆ ಈ ಗುರುವಾರ ಕಳಿಸು ಎಂದು ಹೇಳಿ ಹೋದರು. ಕವನಾ ಚಮಚದಲ್ಲಿ ಕುಡಿಸುತ್ತ ಕೂತಳು. ಮೂರನೇ ದಿನಕ್ಕೆ ಪುಟ್ಟಿ ಎದ್ದು ಮುದ್ದಮ್ಮನ ಎಲೆಯಡಿಕೆ ಚೀಲ ಎಳೆದು ಹರವಿದಳು.

ಅದೇ ದಿನ ಸಿದ್ಧಾರ್ಥನಿಗೆ ಹಿಡಿಯಿತು. ಬೆಳಗ್ಗೆಯಿಂದ ಹನ್ನೆರಡು ಸಲ ನೀರಿನಂಥ ಭೇದಿ, ಕುಡಿದದ್ದೆಲ್ಲ ವಾಂತಿ.

“ಅಲ್ಲು ಬರ್ತಾವೆ, ಅದಕ್ಕೇ,” ಅಂದಳು ಮುದ್ದಮ್ಮ. “ನೀರ್ ಕುಡುಸ್ಬ್ಯಾಡಿ, ಕುಡ್ಸಿದ್ದೆಲ್ಲ ಕೆಳಕ್ಕೋಯ್ತದೆ.” ಮಧ್ಯಾಹ್ನ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಗಟ್ಟಿಯಾಗಿದೆ ಎಂದು ಲೆಕ್ಕ. “ಮನೇಲಿರೋ ಕಣ್ಣೇ ಬಿದ್ದದೆ ಬುಡು,” ಎಂದು ಮುದುಕಿ ಕವನಾಳ ಕಡೆ ನೋಡಿದಳು.

ಕವನಾ ಸಿದ್ಧಾರ್ಥನ ಮೇಲಿಂದ ಕಣ್ಣು ಸರಿಸಿದಳು. ನಿಜಕ್ಕೂ ನನ್ನ ಕಣ್ಣೇ ಇರಬಹುದೇ? ಎಷ್ಟು ದಿನ ಉರಿದುಕೊಂಡು ನೋಡಿದ್ದೇನೆ ಆ ಮಗುವನ್ನು!

ಸಂಜೆಯ ಹೊತ್ತಿಗೆ ಸಿದ್ಧಾರ್ಥನ ಕಣ್ಣು ಗುಳಿ ಬಿದ್ದಿತ್ತು. ಅಳುತ್ತಿದ್ದ, ಕಣ್ಣೀರು ಬರುತ್ತಿರಲಿಲ್ಲ. ಕವನಾ ಯಾರನ್ನೂ ಕೇಳಲಿಲ್ಲ. ಓಡಿಹೋಗಿ ಕಮಲಾಕ್ಷಮ್ಮನನ್ನು ಎಳೆದು ತಂದಳು. ಅವರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ಅದು ಮೆಲ್ಲಗೆ ಇಳಿಯುವುದನ್ನು ಕಂಡು, ಮೈಯಲ್ಲಿ ನೀರು ಬತ್ತಿದೆ ಎಂದು ತಕ್ಷಣ ನೂರಾ ಎಂಟಕ್ಕೆ ಫೋನ್ ಮಾಡಿದರು. ಪುಟ್ಟಿಯನ್ನು ಗೌತಮ್ ಬಳಿ ಬಿಟ್ಟು ಅತ್ತೆ, ಸೊಸೆಯರು, ಕಮಲಾಕ್ಷಮ್ಮ ಎಲ್ಲರೂ ಅದೇ ಆಂಬುಲೆನ್ಸ್‌ನಲ್ಲಿ ಹಾಸನದ ಆಸ್ಪತ್ರೆ ಸೇರಿದರು. ಮಗುವಿನ ಪುಟ್ಟ ಕೈಗೆ ಡ್ರಿಪ್ ಹಾಕಿದರು.

“ರೋಟಾ ಹನಿ ಹಾಕಿಸಿದ್ದೀರಾ?” ಡಾಕ್ಟರಮ್ಮ ಕೇಳಿದರು.

“ಹಾಕ್ಸಿದೀವಿ ಮೇಡಂ, ಹುಟ್ಟಿದ್ ದಿನಾನೇ,” ಅಂದಳು ಸಂಘಮಿತ್ರಾ.

“ಅದು ಪೋಲಿಯೋ ಹನಿ. ಇದು ಬೇರೆ.” ಕಾರ್ಡಿನಲ್ಲಿ ರೋಟಾದ ಮೂರು ಮನೆಗಳೂ ಖಾಲಿ ಇದ್ದವು. ಡಾಕ್ಟರಮ್ಮ ಬೈಯಲಿಲ್ಲ. ಪರೀಕ್ಷೆಗೆ ಮಗುವಿನ ಭೇದಿ ಬೇಕೆಂದು ಒಂದು ಸಣ್ಣ ಡಬ್ಬಿ ಕೊಟ್ಟು ಹೋದರು.

ಮುದ್ದಮ್ಮ ಡಬ್ಬಿಯನ್ನೇ ಬಚ್ಚಿಟ್ಟಳು. “ಮಗಿನ್ ಕಕ್ಕ ಇವ್ರಿಗ್ಯಾಕೆ? ಮಾಟ ಗೀಟ ಮಾಡ್ಸುದ್ರೆ?”

“ಅಯ್ಯೋ, ಕೊಡಿ ಮುದ್ದಮ್ಮ,” ಎಂದು ಕಮಲಾಕ್ಷಮ್ಮ ನಕ್ಕರು. “ಯಾವ ತಳಿ ವೈರಸ್ ಬಂದದೆ ಅಂತ ನೋಡಕ್ಕೆ. ರಾಗೀಲಿ ತಳಿ ಇಲ್ವಾ, ಅಂಗೆ ರೋಟಾದಲ್ಲೂ ಸುಮಾರ್ ತಳಿ ಅವೆ. ಒಂದ್ ವರ್ಸ ಒಂದು ಜಾಸ್ತಿ, ಇನ್ನೊಂದ್ ವರ್ಸ ಇನ್ನೊಂದು. ಎರಡು ತಳಿ ಒಂದೇ ಮಗಿನ್ ಒಟ್ಟೇಲಿ ಸೇರ್ಕಂಡ್ರೆ ಅದರ ಗುಣ ಇದಕ್ಕೆ, ಇದರ ಗುಣ ಅದಕ್ಕೆ ಬಂದು ಒಸಾ ತಳೀನೇ ಉಟ್ಬೋದು.”

ಕವನಾ ತಲೆ ಎತ್ತಿದಳು. “ಲಸಿಕೆ ಬಂದ್ಮೇಲೇ ಇಂಗೆ ಬದ್ಲಾಗದ್ ಕಲ್ತಿರಾದಾ ಅದು?”

“ಮುಂಚೇನೂ ಬದ್ಲಾಯ್ತಾನೇ ಇತ್ತು ಕಣವ್ವ. ಲಸಿಕೆ ಬಂದ್ಮೇಲೆ ಕೆಲವ್ ಕಡೆ ಮೊದ್ಲು ಜಾಸ್ತಿ ಇದ್ದುದ್ದು ಇಂದಕ್ಕೋಗಿ, ಬ್ಯಾರೆ ತಳಿ ಮುಂದಕ್ ಬಂದದೆ. ಅದು ಲಸಿಕೆಯಿಂದ್ಲಾ, ತಾನಾಗೇನಾ ಅಂತ ಕಂಡಿಡಿಯಕ್ಕೇ ಇಂಥ ಡಬ್ಬಿ ಬೇಕು.”

“ಅಂಗಾರೆ ಅಳೇ ಲಸಿಕೆ ಒಸಾ ತಳಿಗೆ ನಾಟಾಕಿಲ್ಲ. ಅದಕ್ಕೇ ಪುಟ್ಟಿಗೂ ಬಂತು.”

“ಪುಟ್ಟಿಗೆ ಬಂದಿದ್ದು ಎಂಗಿತ್ತು, ನೀನೇ ಯೋಳು. ಚಮಚದ್ ನೀರಲ್ಲಿ ವಾಸಿ ಆಯ್ತು. ಇಲ್ನೋಡು, ಕೈಗೆ ನಳಿಕೆ. ಹನಿ ಕುಡ್ದ ಮಗಿನ್ ಮೈ ಆ ಜಾತೀನ ಗುರ್ತಿಡಿಯಕ್ ಕಲ್ತಿರ್ತದೆ. ವೈರಸ್ಸು ಅಂಗಿ ಬದ್ಲಾಯಿಸ್ಕಂಡ್ ಬಂದ್ರೂ ಪೂರ್ತಿ ಮೋಸ ಓಗಾಕಿಲ್ಲ. ಭೇದಿ ಬರದೇ ಇಲ್ಲ ಅಂತ ನಾನ್ ಯೋಳಲ್ಲ. ಜೀವಕ್ ಕುತ್ತು ಬರದು ಬಾಳ ಕಮ್ಮಿ ಆಯ್ತದೆ.”

ಮುದ್ದಮ್ಮ ಡಬ್ಬಿಯನ್ನು ಹೊರಗೆ ತೆಗೆದಳು. ಆದರೂ ಸುಮ್ಮನಾಗಲಿಲ್ಲ. “ಏನೇ ಅನ್ನಿ, ಕಣ್ಣಂತೂ ಬಿದ್ದದೆ.”

ಕವನಾಳಿಗೆ ಇನ್ನು ತಡೆಯಲಾಗಲಿಲ್ಲ. “ಕಣ್ಣಲ್ಲ ಅತ್ತೆ. ಗುರುವಾರ ಸಿದ್ಧಾರ್ಥನ್ನ ಕರ್ಕಂಡ್ ಬರಕ್ ಯೋಳು ಅಂತ ಕಮ್ಲಾಕ್ಷಕ್ಕ ಅಂದಿದ್ರು. ನಾನ್ ಯೋಳ್ಲಿಲ್ಲ. ಮರ್ತಿದ್ದಲ್ಲ, ಬೇಕಂತ್ಲೇ ಯೋಳ್ಲಿಲ್ಲ.”

ಸಂಘಮಿತ್ರಾ ತಿರುಗಿದಳು. “ಯಾಕಕ್ಕ?”

“ಒಟ್ಟೆ ಉರೀತಿತ್ತು ಕಣೆ. ಎಲ್ರೂ ನಿನ್ ಮಗನ್ನೇ ಎತ್ಕಳೋರು.”

ಸಂಘಮಿತ್ರಾ ಮಗುವಿನ ಕಡೆ ತಿರುಗಿ ಕೂತವಳು ಮತ್ತೆ ಈ ಕಡೆ ನೋಡಲಿಲ್ಲ. ಮುದ್ದಮ್ಮನೇ, “ಉರ್ಸ್‌ದೋಳು ನಾನೇ ಬುಡು,” ಎಂದು ಸೆರಗಿನಿಂದ ಮೂಗೊರೆಸಿಕೊಂಡಳು.

ನಾಲ್ಕನೇ ದಿನ ಸಿದ್ಧಾರ್ಥ ಎದೆಹಾಲಿಗೆ ಬಾಯಿ ಹಾಕಿದ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು: “ಒಮ್ಮೆ ಬಂದರೆ ಮತ್ತೆ ಬರೋದಿಲ್ಲ ಅಂದುಕೋಬೇಡಿ. ಇನ್ನೊಂದು ತಳಿ ಬರಬಹುದು. ಹನಿ ಹಾಕಿಸಿ.” ಅಷ್ಟರಲ್ಲಿ ಅವನಿಗೆ ವರ್ಷ ತುಂಬಲು ಎಂಟೇ ದಿನ ಉಳಿದಿತ್ತು. ನಡುವೆ ಲಸಿಕೆಯ ಗುರುವಾರ ಒಂದೇ ಒಂದು.

ಬುಧವಾರ ಸಂಜೆ ಕವನಾ ನಡುಮನೆಯಲ್ಲಿ ನಿಂತು, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಗಟ್ಟಿಯಾಗಿ ಹೇಳಿದಳು: “ನಾಳೆ ಅತ್ ಗಂಟೆಗೆ ಅಂಗನವಾಡೀಲಿ ಹನಿ ಆಕ್ತಾರೆ. ಕಾರ್ಡೂ ತಗಂಡ್ ಬಾ.”

ಸಂಘಮಿತ್ರಾ ಬೆಳಗ್ಗೆ ಮಗುವನ್ನೆತ್ತಿಕೊಂಡು ಮುಂದೆ ನಡೆದಳು. ಕವನಾ ಹತ್ತು ಮಾರು ಹಿಂದೆ ನಡೆದಳು. ಅಂಗನವಾಡಿಯಲ್ಲಿ ಸಿದ್ಧಾರ್ಥ ಬಾಯಿ ಬಿಗಿ ಹಿಡಿದು ಒದ್ದಾಡಿದ. ನರ್ಸ್ ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ಆಗ ಸಂಘಮಿತ್ರಾ ಬಾಗಿಲ ಕಡೆ ನೋಡಿ, “ಬಾಕ್ಕ, ಇವ್ನ್ ತಲೆ ಇಡ್ಕೋ,” ಅಂದಳು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು ಅದು. ಕವನಾ ಹಿಡಿದುಕೊಂಡಳು. ಹನಿ ಒಳಗೆ ಹೋಯಿತು.

“ಎಷ್ಟು ಮುದ್ದಾಗಿದಾನೆ!” ಎಂದರು ನರ್ಸ್. ಸುಳ್ಳು ಯಾಕೆ ಹೇಳಬೇಕು, ಕವನಾಳಿಗೆ ಆಗಲೂ ಒಳಗೆ ಚುರ್ ಎಂದಿತು. ಆದರೆ ಅವನ ತಲೆ ಹಿಡಿದ ಕೈ ಬಿಡಲಿಲ್ಲ.

ಅಕ್ಕಂದಿರೇ, ತಂಗಿಯರೇ, ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ಓರಗಿತ್ತಿಯ ಸೀರೆ ನೋಡಿ ಉರಿದುಕೊಳ್ಳಿ, ಅವಳ ಗಂಡನ ಕೆಲಸ ನೋಡಿ ಉರಿದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಲಸಿಕೆಯ ದಿನವನ್ನು ಮಾತ್ರ ಮುಚ್ಚಿಡಬೇಡಿ. ರೋಟಾ ಹನಿ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ, ದುಡ್ಡಿಲ್ಲದೆ ಸಿಗುತ್ತದೆ. ತಪ್ಪಿದ್ದರೆ ಮೊದಲ ಹನಿ ವರ್ಷ ತುಂಬುವುದರೊಳಗೆ ಆಗಲೇಬೇಕು. ತವರಿನಿಂದ ಬಾಣಂತನ ಮುಗಿಸಿ ಬಂದ ವಾರವೇ ಕಾರ್ಡನ್ನು ಗಂಡನ ಊರಿನ ಆಶಾಗೆ ತೋರಿಸಿ. ಭೇದಿಯಾದರೆ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಕುಡಿಸಿ. ಕಣ್ಣು ಗುಳಿ ಬಿದ್ದರೆ, ಕಣ್ಣೀರಿಲ್ಲದೆ ಅತ್ತರೆ, ಮೆಣಸಿನಕಾಯಿ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ. ವೈರಸ್ಸು ವೇಷ ಬದಲಿಸುವುದನ್ನು ನಾವು ತಡೆಯಲಾರೆವು. ಮಗುವನ್ನು ಬರಿಗೈಯಲ್ಲಿ ಅದರ ಎದುರು ನಿಲ್ಲಿಸದೆ ಇರುವುದು ನಮ್ಮ ಕೈಯಲ್ಲೇ ಇದೆ.

ಈಗ ಈ ಹಾಳೆ ಮಡಿಸಿ, ನಿಮಗೆ ಆಗದವರ ಮನೆಗೇ ಮೊದಲು ಹೋಗಿ. ಅವರ ಮನೆಯಲ್ಲಿ ಕೂಸಿದ್ದರೆ, ಲಸಿಕೆ ಹಾಕುವ ಗುರುವಾರ ಯಾವುದೆಂದು ಹೇಳಿ ಬನ್ನಿ.