ಅಳತೆ ಮುಗಿಯುವವರೆಗೆ

ಶಿವಪುತ್ರನ ತಲೆ ಎಡಕ್ಕೆ ವಾಲುತ್ತಿತ್ತು. ಮೊಹಮ್ಮದ್ ಅದನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದುಕೊಂಡ. ಸತ್ತವನ ಅಣ್ಣ ಸಂಗಪ್ಪ ಬಿಳಿ ವಸ್ತ್ರ ಸುತ್ತಿ ಗೋಡೆಯ ಮೊಳೆಗೆ ಬಿಗಿದ. ಇಳಕಲ್ ಕಡೆಯ ಈ ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುತ್ತಾರೆ.

ಹದಿನಾಲ್ಕು ವರ್ಷ ಶಿವಪುತ್ರ, ಮೊಹಮ್ಮದ್ ಇಬ್ಬರೂ ಉಳ್ಳವರ ಮನೆಗಳಿಗೆ ಹೋಮ್ ಥಿಯೇಟರ್ ಕೂರಿಸಿದ್ದರು. ಯಾವ ಕೋಣೆಗೆ ಎಂಥ ಸ್ಪೀಕರ್ ಎಂದು ಆರಿಸುವವನು ಶಿವಪುತ್ರ, ವೈರ್ ಎಳೆಯುವವನು ಮೊಹಮ್ಮದ್. ಟಿ. ದಾಸರಹಳ್ಳಿಯಲ್ಲಿದ್ದ ಶಿವಪುತ್ರನ ಈ ಬಾಡಿಗೆ ಮನೆಯಲ್ಲಿ ಮಾತ್ರ ಒಂದು ರೇಡಿಯೋ ಕೂಡ ಇರಲಿಲ್ಲ. ದಿನವಿಡೀ ಸದ್ದು ಕೇಳಿ ಬಂದವನಿಗೆ ಹೆಂಡತಿಯ ಮಾತೂ ಹೆಚ್ಚೆನಿಸುತ್ತಿತ್ತು. ಜಗಳವೆಲ್ಲ ಅದಕ್ಕೇ.

ಆ ಹೆಂಡತಿ ಭಾಗ್ಯಶ್ರೀ ಈಗ ಮೊಹಮ್ಮದನ ಹತ್ತಿರ ಬಂದು ನಿಂತಳು. ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ.

"ನಿನ್ನೆ ಅವರು ಬರ್ತೀನಿ ಅಂದ್ರ ನಾ ಮಾರಿ ತಿರುವಿ ಕುಂತಿದ್ದೆ, ತಮ್ಮಾ. ಕಡೀಕ ಏನರ ಅಂದ್ರೇನು?"

*

ನಿನ್ನೆ ಕೋಗಿಲು ಬಡಾವಣೆಯ ಹೊಸ ಮನೆಯೊಂದರಲ್ಲಿ ಕಡೆಯ ಕೆಲಸ ಉಳಿದಿತ್ತು. ಕೂರುವವರ ಕಿವಿಯ ಎತ್ತರಕ್ಕೆ ಮೈಕ್ ನಿಲ್ಲಿಸಿದರೆ ಒಂದೊಂದೇ ಸ್ಪೀಕರ್ ಊಯ್ ಎಂದು ಕೂಗುತ್ತದೆ. ಯಂತ್ರ ಕೇಳಿಸಿಕೊಂಡು ಯಾವುದರ ದನಿ ಎಷ್ಟಿರಬೇಕೆಂದು ಗೊತ್ತುಮಾಡುತ್ತದೆ. ಅಷ್ಟು ಹೊತ್ತು ಯಾರೂ ಪಿಟಿಕ್ಕೆನ್ನಬಾರದು. ಇದು ಶಿವಪುತ್ರನದೇ ಕಟ್ಟಪ್ಪಣೆ. ಒಮ್ಮೆ ಕೆಮ್ಮಿದ ಮನೆಯೊಡೆಯನನ್ನೇ ಹೊರಗೆ ಕಳಿಸಿದ್ದ ಮಹಾನುಭಾವ.

ಮೂರನೆಯ ಅಳತೆಯ ನಡುವೆ ಹಿಂದಿನ ಕುರ್ಚಿಯಿಂದ ಅವನೇ "ಮೊಹಮ್ಮದಾ" ಎಂದ. ಮೊಹಮ್ಮದ್ ತಿರುಗಿಯೂ ನೋಡದೆ, ಸುಮ್ಮನಿರು ಎಂದು ಕೈ ಎತ್ತಿದ. ಗದ್ದಲ ಹೆಚ್ಚಿದೆ, ಮತ್ತೆ ಅಳೆಯಿರಿ ಎಂದು ಪರದೆಯ ಮೇಲೆ ಬಂತು. ಗುರುವಿನ ತಪ್ಪು ಹಿಡಿದೆನೆಂದು ಒಳಗೊಳಗೇ ನಗುತ್ತ ಮತ್ತೆ ಗುಂಡಿ ಒತ್ತಿದ. ಈ ಸಲ ಯಾವ ಗದ್ದಲವೂ ಇರಲಿಲ್ಲ. ಅಳತೆ ಪೂರ್ತಿ ಮುಗಿದ ಮೇಲೆಯೇ ಅವನು ಹಿಂದೆ ತಿರುಗಿದ್ದು. ಶಿವಪುತ್ರ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲೇ ವಾಲಿದ್ದ.

ಹತ್ತು ನಿಮಿಷ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವನು ಮೊಹಮ್ಮದ್ ಒಬ್ಬನೇ.

*

"ನಿಮ್ ಹೆಸರೇ ಕರೆದ್ರು ಅಕ್ಕ," ಎಂದ ಮೊಹಮ್ಮದ್. "ಭಾಗ್ಯಾ ಅಂದ್ರು. ಅಷ್ಟೇ."

ಅವಳ ಮೇಲಿನ ಕರುಣೆ ಅರ್ಧ, ತನ್ನ ಪುಕ್ಕಲುತನ ಅರ್ಧ. ಭಾಗ್ಯಶ್ರೀ ಅಲ್ಲೇ ಕುಸಿದು ಕುಳಿತು ಹೋ ಎಂದು ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅತ್ತೆ ಈರವ್ವನಿಗೆ ಹೇಳಿದಳು, ಈರವ್ವ ಸಂಗಪ್ಪನಿಗೆ.

ಹೊರಗೆ ಭಜನೆಯವರ ಮೈಕ್ ಕಿರ್ರೆಂದು ಕಿರುಚುತ್ತಿತ್ತು. ನೀನೇ ಬಲ್ಲವನು, ಸರಿಮಾಡು ಎಂದು ಸಂಗಪ್ಪ ಮೊಹಮ್ಮದನನ್ನು ಕರೆದ. ಅವನು ಸ್ಪೀಕರ್‌ಗಳನ್ನು ಮೈಕಿನ ಮುಂದಕ್ಕೆ ಸರಿಸಿ, ಬೀದಿಯ ಕಡೆ ತಿರುಗಿಸಿ, ಒಂದೆರಡು ಗುಂಡಿ ತಿರುಗಿಸಿದ. ಕಿರುಚಾಟ ನಿಂತಿತು. ಹೆಣ ಎತ್ತುವ ಮೊದಲು ನಾಲ್ಕು ಮಾತಾಡಲು ಸಂಗಪ್ಪ ಮೈಕ್ ಹಿಡಿದ.

"ನನ್ ತಮ್ಮ ಕಡೀ ಉಸಿರಿನಾಗ ಹೆಂಡ್ತಿ ಹೆಸರು ಕರದು ಹೋಗ್ಯಾನ."

ಒಂದಕ್ಷರವೂ ಒಡೆಯಲಿಲ್ಲ. ಮಹಡಿಗಳ ಮೇಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊಹಮ್ಮದನ ಬೆರಳು ಇನ್ನೂ ವಾಲ್ಯೂಮ್ ಗುಂಡಿಯ ಮೇಲಿತ್ತು. ಸಂಗಪ್ಪ ಆ ಮಾತನ್ನೇ ಇನ್ನೊಮ್ಮೆ ಹೇಳಿದ. ಬೀದಿಯ ತುದಿಯಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಕೈಮುಗಿದರು.