ನೀರುನಾಯಿಯಲ್ಲಿ ಸಿಕ್ಕಿದ್ದು

ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದ ಅವಳಿಗೆ ಐವತ್ತು ದಾಟಿತ್ತು. ರೋಗಾಣು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ತಟ್ಟೆಯಲ್ಲಿ ರೋಗಾಣು ಬೆಳೆಯಲು ಬಿಟ್ಟು, ಅದರ ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಟ್ಟು, ಮರುದಿನ ನೋಡಬೇಕು. ಔಷಧಿ ನಾಟಿದ್ದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಮೂಡಿರುತ್ತದೆ.

ಆ ಬೆಳಿಗ್ಗೆಯ ತಟ್ಟೆಯಲ್ಲಿ ಹನ್ನೆರಡು ಬಿಲ್ಲೆಗಳಿದ್ದವು, ಒಂದಕ್ಕೂ ಉಂಗುರವಿರಲಿಲ್ಲ. ಚೀಟಿ ನೋಡಿದಳು. ಕಾಡಿನ ಹೊಳೆಯ ನೀರುನಾಯಿಯ ಹಿಕ್ಕೆ. ಕಾವಲುಗಾರ ಬಂಡೆಯಿಂದ ಕೆರೆದು ತಂದದ್ದು. ಜನ್ಮದಲ್ಲಿ ಒಂದು ಮಾತ್ರೆ ಕಾಣದ ಪ್ರಾಣಿ.

ಇಂಥ ತಟ್ಟೆಯನ್ನು ಅವಳು ಹಿಂದೆ ಒಮ್ಮೆ ಮಾತ್ರ ನೋಡಿದ್ದಳು. ಅದು ಅಮ್ಮನದು. ಎರಡು ವರ್ಷದ ಹಿಂದೆ ಮೂತ್ರದ ಸೋಂಕೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದ ಅಮ್ಮ ಹನ್ನೊಂದನೆಯ ದಿನ ತೀರಿಕೊಂಡಿದ್ದಳು. ವೈದ್ಯರು ಔಷಧಿ ಬದಲಿಸುತ್ತಲೇ ಇದ್ದರು. ಯಾವುದೂ ನಾಟುವುದಿಲ್ಲವೆಂದು ಪುಟ್ಟಿಗೆ ಮೂರನೆಯ ದಿನವೇ ಗೊತ್ತಿತ್ತು, ಏಕೆಂದರೆ ಮಾದರಿ ಬಂದಿದ್ದು ಅವಳ ಮೇಜಿಗೇ. ಆ ರೋಗಾಣುವನ್ನು ಒಂದು ಪುಟ್ಟ ಸೀಸೆಯಲ್ಲಿ ಶೀತಪೆಟ್ಟಿಗೆಯಲ್ಲಿಟ್ಟಿದ್ದರು. ಅವಧಿ ಮುಗಿದಾಗ ನಾಶಮಾಡಬೇಕಿತ್ತು, ಅವಳಿಗೆ ಕೈ ಬರಲಿಲ್ಲ. ಅಮ್ಮನ ಮೈಯಲ್ಲಿದ್ದದ್ದರಲ್ಲಿ ಇನ್ನೂ ಜೀವ ಹಿಡಿದುಕೊಂಡಿದ್ದದ್ದು ಅದೊಂದೇ.

ಅಮ್ಮನದನ್ನೂ ನೀರುನಾಯಿಯದನ್ನೂ ವಂಶವಾಹಿ ಪರೀಕ್ಷೆಗೆ ಕಳಿಸಿದಳು. ಮೂರು ವಾರದ ಮೇಲೆ ಉತ್ತರ ಬಂತು: ಎರಡೂ ಒಂದೇ ಸಂತತಿಯವು. ಅವತ್ತೇ ಅಮ್ಮನ ಸೀಸೆಯನ್ನು ಆವಿಯಲ್ಲಿ ಬೇಯಿಸಿ ನಾಶಮಾಡಿಬಿಟ್ಟಳು. ಇನ್ನು ಅದನ್ನು ಜೋಪಾನ ಮಾಡುವ ಅಗತ್ಯವಿರಲಿಲ್ಲ, ಅದು ಹೊಳೆಯಲ್ಲೇ ಇತ್ತು.

ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ, ಅದೇ ಹೊಳೆಯ ದಂಡೆಯಲ್ಲಿ, ಕಾಡಿಗಿಂತ ಮೇಲಕ್ಕೆ. ಅಣ್ಣ ಹುಟ್ಟಿ ವಾರವಾಗದ ಕರುಗಳನ್ನು ತಂದು ಸಾಕುತ್ತಿದ್ದ, ಕೊಟ್ಟಿಗೆ ತುಂಬ ಎಂಬತ್ತು. ಭೇದಿ ಬರಲಿ ಬಿಡಲಿ, ಎಲ್ಲಕ್ಕೂ ಹಾಲಿನಲ್ಲಿ ರೋಗಾಣು ಕೊಲ್ಲುವ ಔಷಧಿ ಪುಡಿ. ಒಂದು ಪುಡಿ ನಾಟದಿದ್ದರೆ ಇನ್ನೊಂದು. ಕೊಟ್ಟಿಗೆ ತೊಳೆದ ನೀರು ನೇರ ಹೊಳೆಗೆ.

ಪುಟ್ಟಿ ವಿಷಯ ತಿಳಿಸಿದಾಗ ಅವನು ಕೈಯಲ್ಲಿದ್ದ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟ.

"ಕರುಗಳಿಂದ ಅಮ್ಮಂಗೆ ಬಂತಾ?"

"ಗೊತ್ತಿಲ್ಲ ಅಣ್ಣ. ಅಮ್ಮನಿಂದಲೇ ಕರುಗಳಿಗೆ ಬಂದಿರಬಹುದು. ಯಾವುದು ಮೊದಲು ಅಂತ ಹೇಳಕ್ಕಾಗಲ್ಲ."

ಕರುಗಳನ್ನೂ ನೋಡಿಬಿಡು ಎಂದ. ಇಪ್ಪತ್ತು ಕರುಗಳ ಸಗಣಿ ಒಯ್ದಳು. ಏಳರಲ್ಲಿ ಅದೇ ಇತ್ತು. ಏಳೂ ಅಮ್ಮ ಹೋದಮೇಲೆ ಹುಟ್ಟಿದವು. ಗಟ್ಟಿಮುಟ್ಟಾಗಿ, ಬಾಲವೆತ್ತಿ ಕುಣಿಯುತ್ತಿದ್ದವು.

ಫಲಿತಾಂಶ ಹೇಳಲು ಹೋದ ದಿನ ಅಣ್ಣ ಹಾಲಿನ ಬಕೆಟ್ಟು ತೊಳೆಯುತ್ತಿದ್ದ. ಎಲ್ಲ ಕೇಳಿ, ಅವಳ ಮುಖ ನೋಡದೆ ಹೇಳಿದ:

"ಪುಡಿ ಕಲೆಸ್ತಿದ್ದದ್ದು ಅಮ್ಮನೇ ಕಣೇ. ಸೌಟು ಕೊಟ್ಟರೆ ಬೇಡ, ಕೈಯಲ್ಲಾದ್ರೆ ಗಂಟಾಗಲ್ಲ ಅಂತಿದ್ದಳು. ಹೊಸ ಕರುಗೆ ಹಾಲಲ್ಲಿ ಬೆರಳಿಟ್ಟು ಚೀಪಿಸಿ ಕುಡಿಯೋದು ಕಲಿಸ್ತಿದ್ದಳು. ನಿಮ್ಮಿಬ್ಬರಿಗಿಂತ ಬೇಗ ಕಲೀತಾವೆ ಅನ್ನೋಳು."

ಪುಟ್ಟಿಗೆ ನಗು ಬಂತು. ಹೊರಡುವಾಗ ಒಂದು ಕರು ಸರಳಿನ ಸಂದಿಯಿಂದ ಮೂತಿ ಚಾಚಿ ಅವಳ ಬೆರಳು ಹಿಡಿಯಿತು. ಒರಟು ನಾಲಿಗೆ, ಬಿಸಿ. ಕೈ ಹಿಂದಕ್ಕೆಳೆಯಬೇಕೆಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಹಾಗೇ ನಿಂತಳು.

ಅಣ್ಣ ಪುಡಿ ನಿಲ್ಲಿಸಿದ. ಕರುಗಳನ್ನು ಅರ್ಧಕ್ಕಿಳಿಸಿ, ಕೊಟ್ಟಿಗೆ ತೊಳೆದ ನೀರಿಗೆ ಹೊಳೆಯಿಂದ ದೂರ ಗುಂಡಿ ತೋಡಿಸಿದ. ಮೊದಲ ಚಳಿಗಾಲಕ್ಕೆ ಒಂಬತ್ತು ಕರು ಸತ್ತವು. ಹಲ್ಲು ಕಚ್ಚಿ ತಡೆದುಕೊಂಡ, ಮತ್ತೆ ಪುಡಿ ಮುಟ್ಟಲಿಲ್ಲ. ಮರುವರ್ಷ ಪುಟ್ಟಿ ಪರೀಕ್ಷಿಸಿದ ಇಪ್ಪತ್ತು ಕರುಗಳಲ್ಲಿ ಎರಡರಲ್ಲಿ ಮಾತ್ರ ಅದು ಸಿಕ್ಕಿತು. ಹೊಳೆಯಿಂದ ಬಂದ ನೀರುನಾಯಿಗಳ ಐದು ಹಿಕ್ಕೆಗಳಲ್ಲಿ ಐದರಲ್ಲೂ ಇತ್ತು.

ಫೋನಿನಲ್ಲಿ ಇದನ್ನು ಕೇಳಿ ಅಣ್ಣ, ಆ ಪ್ರಾಣಿಗಳಿಗೆ ಕಾಯಿಲೆಯೇ ಎಂದು ವಿಚಾರಿಸಿದ.

"ಇಲ್ಲ. ಚೆನ್ನಾಗಿವೆ. ಮರಿ ಹಾಕಿವೆಯಂತೆ."

"ಹಾಗಾದ್ರೆ ಅದು ಅಲ್ಲೇ ಇರತ್ತೆ," ಎಂದ.

ಆ ಕಡೆಯಿಂದ ಕರುವೊಂದು ಕೂಗಿದ್ದು ಕೇಳಿತು. ಇಬ್ಬರೂ ಫೋನ್ ಇಡಲಿಲ್ಲ.